ಹಾರ್ಬೆಕ್ ಚರ್ಚಿನ ಬೆಳ್ಳಿ ಬಟ್ಟಲು

ಡೊರೀನ್ ಪಾಸ್ಕ್ ಹಾರ್ಬೆಕ್ಕಿನಲ್ಲಿ ಮೂವತ್ತೆರಡು ವರ್ಷ ಅಂಚೆ ಹಂಚಿದವಳು. ಮಳೆ ಬರಲಿ, ಹಿಮ ಬೀಳಲಿ, ಒಬ್ಬರ ಕಾಗದ ಇನ್ನೊಬ್ಬರ ಬಾಗಿಲಿಗೆ ಹೋದದ್ದಿಲ್ಲ. ಇಂಥವಳನ್ನಾದರೂ ಊರು ಬಿಟ್ಟಿತೇ? ಭಾನುವಾರ ಚರ್ಚಿನಲ್ಲಿ ಟೀ ಲೋಟ ತೊಳೆಯಲು ನಿಂತರೆ ಸಾಕು, ರಾಡ್ನಿ ಥರ್ಲೋ ಶುರು ಮಾಡುತ್ತಿದ್ದ: "ಪಾಸ್ಕ್ ಬಂದ್ಳು ಕಣ್ರಪ್ಪೋ, ಲೋಟ ಎಣಿಸ್ಕೊಳ್ಳಿ!" ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಇನ್ನೇನು ಮಾಡಿಯಾಳು! ಅವಳಪ್ಪ ಹೀಗೇ ನಕ್ಕು ನಕ್ಕು ಸಾಕಾಗಿ ಕೊನೆಗೆ ಚರ್ಚಿನ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದ.

ಸಂಗತಿ ಇಷ್ಟೇ. ಹಿಂದೆ ಅವಳ ವಂಶದ ಜೋನಾಸ್ ಪಾಸ್ಕ್ ಎಂಬವನು ಆ ಚರ್ಚಿನ ಗಂಟೆ ಬಾರಿಸುತ್ತ, ಸತ್ತವರಿಗೆ ಗುಂಡಿ ತೋಡುತ್ತ ಇದ್ದ. ಪೂಜೆಯ ಸಾಮಾನಿನ ಪೆಟ್ಟಿಗೆಯ ಬೀಗದ ಕೈಯೂ ಅವನ ಬಳಿಯೇ. 1743ರ ಫೆಬ್ರವರಿಯಲ್ಲಿ ಪೆಟ್ಟಿಗೆಯೊಳಗಿನ ಬೆಳ್ಳಿ ಬಟ್ಟಲು ಮಾಯವಾಯಿತು. 1743ರ ಅಕ್ಟೋಬರಿನಲ್ಲಿ ಜೋನಾಸ್ ಸತ್ತ. ನೂರೈವತ್ತು ವರ್ಷ ಯಾರೂ ಅವನ ಸುದ್ದಿ ಎತ್ತಲಿಲ್ಲ. ಆಮೇಲೆ ಒಬ್ಬ ಮೇಷ್ಟ್ರಿಗೆ ಊರಿನ ಚರಿತ್ರೆ ಬರೆಯುವ ಚಟ ಹತ್ತಿತು. ಹಳೇ ಪುಸ್ತಕಗಳ ಸಾಲುಗಳನ್ನು ಚೀಟಿಗೆ ಇಳಿಸಿಕೊಂಡು, ತಿಂಗಳ ಪ್ರಕಾರ ಜೋಡಿಸಿ, "ಬಟ್ಟಲು ಕದ್ದ ಪಾಸ್ಕ್ ಎಂಟೇ ತಿಂಗಳಲ್ಲಿ ನಾಚಿಕೆಯಿಂದ ಸತ್ತ" ಎಂದು ಅಚ್ಚು ಹಾಕಿಸಿಬಿಟ್ಟ. ಅಚ್ಚಾದ ಮೇಲೆ ಕೇಳಬೇಕೇ, ವೇದವಾಕ್ಯ!

ಈಗ ಅದು ಬೋರ್ಡಿಗೂ ಏರುವುದರಲ್ಲಿತ್ತು. ಚರ್ಚಿನ ಉಸ್ತುವಾರಿ ರಾಡ್ನಿಯದೇ. ಬಾಗಿಲ ಪಕ್ಕದಲ್ಲಿ ಊರಿನ ಚರಿತ್ರೆಯ ಹಲಗೆ ಹಾಕಿಸುತ್ತಿದ್ದ.

"ಆ ಸಾಲು ತೆಗೆದ್ಬಿಡೋ ರಾಡ್ನಿ," ಎಂದಳು ಡೊರೀನ್. "ಜೂನಲ್ಲಿ ನನ್ನ ಮೊಮ್ಮಗಳ ಮದುವೆ ಇಲ್ಲೇ. ಬೀಗರೆಲ್ಲ ಅದನ್ನ ಓದ್ಕೊಂಡೇ ಒಳಗೆ ಬರ್ಬೇಕಾ?"

"ಚರಿತ್ರೆ ಕಣೇ ಅದು, ನಾನೇನು ಮಾಡ್ಲಿ? ಪುರಾವೆ ತಾ, ತೆಗೀತೀನಿ. ಶನಿವಾರ ಬರೆಯೋನು ಬರ್ತಾನೆ."

ಮಂಗಳವಾರ ಅವಳು ಬಸ್ಸು ಹತ್ತಿ ಜಿಲ್ಲಾ ದಾಖಲೆಯ ಕಚೇರಿಗೆ ಹೋದಳು. ಅಲ್ಲಿನ ಕಟ್ಟಳೆಯಂತೆ ಪೆನ್ನು ಹೊರಗಿಟ್ಟು, ಪೆನ್ಸಿಲ್ ಹಿಡಿದು, ಸಮಾಧಿ ಮಾಡಿದವರ ಪುಸ್ತಕ ತರಿಸಿಕೊಂಡಳು. ಅಂಚೆಯವಳಲ್ಲವೇ, ಒಂದು ಹಾಳೆಯನ್ನೂ ಹಾರಿಸದೆ ತಿರುವಿದಳು. ಅಕ್ಟೋಬರ್ ಒಂಬತ್ತು, 1743: ಜೋನಾಸ್ ಪಾಸ್ಕ್. ಅಲ್ಲಿಗೇ ಮುಚ್ಚಲು ಮನಸ್ಸಾಗದೆ ಮುಂದೆ ಓದಿದಳು. ನವೆಂಬರ್ 1743. ಡಿಸೆಂಬರ್ 1743. ಆಮೇಲೆ ಜನವರಿ, ಮತ್ತೆ 1743! ಫೆಬ್ರವರಿಯೂ 1743. ಮಾರ್ಚ್ ಮುಗಿಯುತ್ತ ಬಂದಾಗಲಷ್ಟೇ 1744.

ಕೌಂಟರಿನ ಹೆಂಗಸನ್ನು ಕರೆದಳು. "ಇವನೇನ್ರೀ, ಕುಡ್ಕೊಂಡು ಬರ್ದಿದಾನಾ? ಡಿಸೆಂಬರ್ ಆದ್ಮೇಲೂ ಹಳೇ ವರ್ಷಾನೇ ಎಳ್ಕೊಂಡು ಹೋಗಿದಾನೆ!"

"ತಪ್ಪಿಲ್ಲಮ್ಮ. ಆಗ ಇಲ್ಲೆಲ್ಲ ಹೊಸ ವರ್ಷ ಮಾರ್ಚ್ ಇಪ್ಪತ್ತೈದಕ್ಕೆ. ಜನವರಿ, ಫೆಬ್ರವರಿ ವರ್ಷದ ಕೊನೇಲಿ ಬರ್ತಿದ್ವು."

ನಮ್ಮ ಯುಗಾದಿಯ ಲೆಕ್ಕವೇ ಅನ್ನಿ. ಡೊರೀನ್ ಬೆರಳು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಹಾಗಾದರೆ ಆ ಫೆಬ್ರವರಿ ಬಂದದ್ದು ಆ ಅಕ್ಟೋಬರ್ ಆದ ಮೇಲೆ! ಚರ್ಚಿನ ಸಭೆಯ ಪುಸ್ತಕವನ್ನೂ ತರಿಸಿದಳು. ಅಲ್ಲೂ ಡಿಸೆಂಬರಿನ ಹಾಳೆ ದಾಟಿದ ಮೇಲೆ ಫೆಬ್ರವರಿ ಇಪ್ಪತ್ತರ ಸಾಲು ಸ್ಪಷ್ಟವಾಗಿತ್ತು: ಹೋದ ಭಾನುವಾರ ಇದ್ದ ಬಟ್ಟಲು ಈಗ ಇಲ್ಲ. ಬಟ್ಟಲು ಹೋದಾಗ ಜೋನಾಸ್ ಮಣ್ಣು ಸೇರಿ ನಾಲ್ಕು ತಿಂಗಳು ಕಳೆದಿತ್ತು.

"ಅಯ್ಯೋ ಮುತ್ತಜ್ಜಾ, ನೀನಲ್ವಲ್ಲೋ!" ಎಂದು ಅವಳು ಅಷ್ಟು ಜನರ ಮಧ್ಯೆ ಅತ್ತೇಬಿಟ್ಟಳು. ಸದ್ದು ಮಾಡಬಾರದ ಜಾಗ. ಆದರೂ ಯಾರೂ ಗದರಲಿಲ್ಲ. ಎದೆ ಹಗುರವಾಯಿತು, ಅಪ್ಪ ಇದ್ದಿದ್ದರೆ ಎಂದು ಒಂದು ಕ್ಷಣ ಸಂಕಟವೂ ಆಯಿತು. ಆಮೇಲೆ ಬೇಕರಿಗೆ ಹೋಗಿ ದೊಡ್ಡ ಬನ್ನೊಂದನ್ನು ಪೂರ್ತಿ ತಿಂದಳು.

ಶುಕ್ರವಾರ ಎರಡೂ ಪುಸ್ತಕಗಳ ನಕಲುಗಳನ್ನು ರಾಡ್ನಿಯ ಮುಂದೆ ಹರಡಿ, ಹೊಸ ವರ್ಷದ ಲೆಕ್ಕವನ್ನೂ ಬಿಡಿಸಿ ಹೇಳಿದಳು. ಅವನು ಎರಡು ಸಲ ಓದಿ ತಲೆ ಕೆರೆದುಕೊಂಡ.

"ಸತ್ತೋನು ಎದ್ದು ಬಂದು ಕದಿಯೋಕಾಗಲ್ಲ, ಒಪ್ದೆ. ಇಷ್ಟು ವರ್ಷ ಸುಮ್ಸುಮ್ನೆ ನಿನ್ನನ್ನ ಆಡ್ಕೊಂಡ್ವಲ್ಲೇ, ತಪ್ಪಾಯ್ತು. ಹಂಗಾದ್ರೆ ಕದ್ದೋರ್ಯಾರು? ಜೋನಾಸ್ ಹೋದ್ಮೇಲೆ ಬೀಗದ ಕೈ ಯಾರ ಹತ್ರ ಇತ್ತು?"

"ಅದೂ ಅಲ್ಲೇ ಇದೆ, ಓದು."

ರಾಡ್ನಿ ಬೆರಳಿಟ್ಟು ಓದಿದ. ಅಕ್ಟೋಬರ್ ಹದಿನಾರು: ಜೋನಾಸ್ ಪಾಸ್ಕ್ ತೀರಿಕೊಂಡ ಕಾರಣ ಬೀಗದ ಕೈಯನ್ನು ಸೈಮನ್ ಥರ್ಲೋಗೆ ಒಪ್ಪಿಸಲಾಯಿತು. ರಾಡ್ನಿಯ ಮುಖ ಸುಣ್ಣದಂತೆ ಬೆಳ್ಳಗಾಯಿತು.

"ಡೊರೀನ್... ಈ ಸೈಮನ್ ನಮ್ಮ ವಂಶದೋನೇ ಕಣೇ. ನಮ್ಮಜ್ಜನ ಬೈಬಲ್ಲಲ್ಲಿ ಬರೆದಿಟ್ಟ ಮನೆತನದ ಪಟ್ಟೀಲಿ ಇವನ ಹೆಸರಿದೆ. ನಾಳೆ ಬರೆಯೋನು ಬರ್ತಾನೆ. ಏನು ಬರೆಸ್ಲಿ?"

ಡೊರೀನ್ ಅವನನ್ನು ನೋಡಿದಳು. ಮೂರು ದಿನದಿಂದ ಈ ಗಳಿಗೆಗಾಗಿ ಒಂದು ಒಳ್ಳೇ ಚುಚ್ಚುಮಾತು ಕಟ್ಟಿಟ್ಟುಕೊಂಡಿದ್ದಳು, ಸುಳ್ಳೇಕೆ ಹೇಳಲಿ. ಬಾಯಿಗೆ ಬಂದದ್ದೇ ಬೇರೆ.

"ಬೀಗದ ಕೈ ಇಟ್ಕೊಂಡೋರೆಲ್ಲ ಕಳ್ಳರಾಗಲ್ಲ ಕಣೋ. ಬಟ್ಟಲು ಕಳೆದುಹೋಯಿತು ಅಂತ ಬರೆಸು. ಯಾರ ಹೆಸರೂ ಬೇಡ."

ರಾಡ್ನಿ ಬೆಂಚಿನ ಮೇಲೆ ಕುಸಿದು ಕುಳಿತು ದೊಡ್ಡದಾಗಿ ಉಸಿರು ಬಿಟ್ಟ. ಪಾಸ್ಕರ ಮನೆಯವರು ಇಷ್ಟು ಕಾಲ ಏನು ಹೊತ್ತಿದ್ದರೆಂದು ಅವನಿಗೆ ಆವತ್ತು ಗೊತ್ತಾಯಿತು.