ವಿನ್ಸೆಂಟ್ ಬಾವಿ

ಇಂಥದ್ದನ್ನು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗುತ್ತಿದ್ದವಳು ನಾನು. ಅಂಕಿಗಳನ್ನು ನಂಬಿ ಮಾಡುವ ಕೆಲಸ ನನ್ನದು. ನೀವೂ ನಗಬಹುದು, ನನಗೆ ಬೇಸರವಿಲ್ಲ.

ಆಗಿನ್ನೂ ನನಗೆ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಪಿಆರ್ ಸಿಕ್ಕಿರಲಿಲ್ಲ. ಸಿಡ್ನಿಯ ಮ್ಯಾಕ್ವೆರಿ ಪಾರ್ಕ್ ಬಡಾವಣೆಯಲ್ಲಿ ಮೊದಲ ಕೆಲಸ. ಸಮುದ್ರದಡಿಯ ಅನಿಲ ಬಾವಿಗಳು, ಅವನ್ನು ಕೂಡಿಸುವ ಪೈಪುಗಳು, ಇವೆಲ್ಲದರ ನಕಲನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಯಾವ ಬಾವಿಯನ್ನು ಎಷ್ಟು ತೆರೆದರೆ ಒಟ್ಟಾರೆ ಹೆಚ್ಚು ಅನಿಲ ಬರುತ್ತದೆಂದು ಹೇಳುವ ಸಾಫ್ಟ್‌ವೇರ್ ನಮ್ಮದು. ಅದನ್ನು ನನಗೆ ಕಲಿಸಿದವರು ಮೆಲ್ಬರ್ನ್ ಆಫೀಸಿನ ವಿನ್ಸೆಂಟ್ ಅಂಕಲ್, ಮಂಗಳೂರಿನವರು. ಪಾಠವೆಲ್ಲ ಫೋನಿನಲ್ಲೇ. ನಾವು ಪರೀಕ್ಷೆಗೆ ಬಳಸುತ್ತಿದ್ದ ನಕಲಿನಲ್ಲಿ ಹನ್ನೆರಡು ಬಾವಿಗಳಿದ್ದವು. ಒಂಬತ್ತನೆಯದನ್ನು ಅವರೇ ತಿಂಗಳುಗಟ್ಟಲೆ ಕೂತು ಸರಿಪಡಿಸಿದ್ದರು. ಎಲ್ಲಕ್ಕಿಂತ ಹೆಚ್ಚು ಅನಿಲ ಕೊಡುವುದು ಅದೇ. ಆಫೀಸಿನಲ್ಲಿ ಎಲ್ಲರೂ ಅದನ್ನು ವಿನ್ಸೆಂಟ್ ಬಾವಿ ಎನ್ನುತ್ತಿದ್ದರು.

ಹೃದಯದ ಆಪರೇಷನ್‌ಗೆಂದು ರಜೆ ಹಾಕುವ ಮುಂಚೆ, "ಒಮ್ಮೆ ಕ್ರೇಗಿಬರ್ನ್‌ಗೆ, ನಮ್ಮನೆಗೆ ಬಂದು ಹೋಗು ಮಾರಾಯ್ತಿ, ಬಂಗುಡೆ ಸಾರು ಮಾಡ್ತೇನೆ" ಎಂದಿದ್ದರು.

"ಸಾಫ್ಟ್‌ವೇರಿನ ಈ ರಿಲೀಸ್ ಮುಗೀಲಿ ಅಂಕಲ್" ಎಂದೆ. ಆಮೇಲೆ ಎರಡು ವಾರ ಫೋನೂ ಮಾಡಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಊಟ ಮುಗಿಸಿ ಬಂದು ಸಾಫ್ಟ್‌ವೇರ್ ಓಡಿಸಿದೆ. ಒಂಬತ್ತನೇ ಬಾವಿಯ ಮುಂದೆ ಸೊನ್ನೆ. ಅದನ್ನು ಪೂರ್ತಿ ಮುಚ್ಚಬೇಕಂತೆ! ಬೆಳಿಗ್ಗೆ ಅದೇ ಫೈಲ್ ಸರಿಯಾಗಿ ಓಡಿತ್ತು, ಒಂದಂಕಿಯನ್ನೂ ನಾನು ಮುಟ್ಟಿರಲಿಲ್ಲ. ಮತ್ತೆ ಓಡಿಸಿದೆ, ಸೊನ್ನೆ. ಮೂರನೇ ಸಲವೂ ಸೊನ್ನೆ. ಆ ಬಾವಿಯ ಒಳಗುಟ್ಟು ಬಲ್ಲವರು ವಿನ್ಸೆಂಟ್ ಅಂಕಲ್ ಒಬ್ಬರೇ. ರಜೆಯಲ್ಲಿದ್ದಾರೆಂದು ಗೊತ್ತಿದ್ದೂ ಅವರ ಮೊಬೈಲಿಗೆ ಫೋನ್ ಮಾಡಿದೆ.

ಎತ್ತಿದ್ದು ಅವರ ಹೆಂಡತಿ ಐರಿನ್ ಆಂಟಿ. "ಆಪರೇಷನ್ ಆಗಿ ಚೆನ್ನಾಗಿದ್ರು ಮಗಾ. ಈಗ ಹತ್ತು ನಿಮಿಷ ಆಯ್ತು... ಹೋದ್ರು. ನಿಂಗೆ ಯಾರು ಹೇಳಿದ್ದು?" ಎಂದರು.



ಸಂಜೆ ಅದೇ ಫೈಲ್ ಓಡಿಸಿದರೆ ಬಾವಿ ಎಂದಿನಂತೆ ತೆರೆದಿತ್ತು. ಲೆಕ್ಕ ಶುರುವಾಗುವ ಅಂಕಿ ಹೆಚ್ಚುಕಡಿಮೆಯಾದರೆ ಹೀಗಾಗುತ್ತದೆ ಎಂದ ಪಕ್ಕದ ಮೇಜಿನವನು. ಇರಬಹುದು. ಆದರೆ ಆ ಸೊನ್ನೆಯನ್ನು ಮತ್ತೆ ಬರಿಸಲು ಇಬ್ಬರೂ ಒಂದು ವಾರ ಹೆಣಗಿದೆವು, ಆಗಲಿಲ್ಲ.

ಮೆಲ್ಬರ್ನ್‌ನಲ್ಲಿ ಅಂತ್ಯಸಂಸ್ಕಾರದ ದಿನ ಚರ್ಚಿನ ಹೊರಗೆ ಆಂಟಿ ನನ್ನ ಕೈ ಹಿಡಿದುಕೊಂಡು ತುಂಬಾ ಹೊತ್ತು ನಿಂತಿದ್ದರು. ಆ ಸೊನ್ನೆಯ ವಿಷಯವೆಲ್ಲ ಹೇಳಿಬಿಡಬೇಕೆಂದುಕೊಂಡೆ. ಇವತ್ತಿಗೂ ಹೇಳಿಲ್ಲ. ಅದು ಏನಿತ್ತೋ, ಹೇಗೆ ಬಂತೋ, ನನಗೆ ಗೊತ್ತಿಲ್ಲ. ಆ ಸೊನ್ನೆ ಒಂದೇ ಒಂದು ದಿನ ಮುಂಚೆ ಬಂದಿದ್ದರೆ ಫೋನನ್ನು ಅಂಕಲ್ಲೇ ಎತ್ತುತ್ತಿದ್ದರು.