ನಮ್ಮ ಬಾಗಿಲಿಗೆ ಎರಡನೆಯ ಬೀಗ

ತವರೂರು ಕಮಲಾಪುರದಿಂದ ತಿರುಗಿ ಬಂದ ದಿನ ಕಲಬುರಗಿಯ ಗಾಜಿಪುರದ ನಮ್ಮ ಬಾಗಿಲಿಗೆ ಎರಡು ಬೀಗಗಳಿದ್ದವು. ಒಂದು ನಾವು ಹಾಕಿ ಹೋದದ್ದು. ಇನ್ನೊಂದು ಯಾರದೆಂದು ತಿಳಿಯದೆ, ಬಂಡಿಯಿಂದ ಇಳಿಸಿದ ಜೋಳದ ಚೀಲದ ಮೇಲೆ ಕುಸಿದು ಕುಳಿತೆ. ನಮ್ಮೂರಲ್ಲಿ ಹಗಲು ಬೀಗ ಹಾಕುವ ಮನೆಯೇ ಇಲ್ಲ. ಇಲ್ಲಿ ಒಂದೇ ಬಾಗಿಲಿಗೆ ಎರಡು!

ಊರಲ್ಲಿರುವ ನಿಮಗೆ ಈ ಮನೆಯ ಕಥೆಯನ್ನು ಮೊದಲು ಹೇಳಬೇಕು. ಗಿರಣಿಯಲ್ಲಿ ಕೆಲಸ ಸಿಕ್ಕು ಇವರು ನನ್ನನ್ನು ಕಲಬುರಗಿಗೆ ಕರೆತಂದಾಗ ಕೈಯಲ್ಲಿ ಇಡುಗಂಟು ಇರಲಿಲ್ಲ. ಕರಾರಿನ ಮೇಲೆ ಮನೆ ಕೊಂಡೆವು. ತಿಂಗಳಿಗೊಂದು ಕಿಸ್ತು, ಅಂದರೆ ಕಂತು, ಕಟ್ಟಬೇಕು. ಎಲ್ಲ ತೀರಿದ ಮೇಲೆ ಮನೆ ನಮ್ಮ ಹೆಸರಿಗೆ. ನಡುವೆ ಒಂದು ತಪ್ಪಿ, ಮುಂದಿನ ಚಂದ್ರ ಕಾಣುವುದರೊಳಗೆ ಕೊಡದಿದ್ದರೆ, ಕೊಟ್ಟದ್ದನ್ನೆಲ್ಲ ಬಾಡಿಗೆಯೆಂದು ಹಿಡಿದು ಮನೆ ವಾಪಸ್. ಊರಲ್ಲಿ ಮನೆ ಅಂದರೆ ಅಜ್ಜ ಕಟ್ಟಿದ್ದು. ಇಲ್ಲಿ ತಿಂಗಳು ತಿಂಗಳು ಗಳಿಸಬೇಕಾದದ್ದು.

ಮಾರಿದವರು ಗಂಡನನ್ನು ಕಳೆದುಕೊಂಡ ಒಬ್ಬ ಬೀಬಿ. ರೋಜಾ ದರ್ಗಾದ ಹತ್ತಿರ ತಮ್ಮನ ಮನೆಯಲ್ಲಿದ್ದರು. ಗೋಷಾದವರು, ಪರಗಂಡಸರ ಎದುರಿಗೆ ಬರುವವರಲ್ಲ. ಕರಾರಿಗೆ ಸಹಿ ಹಾಕಿದ ನನ್ನ ಗಂಡ ಅವರ ಮುಖವನ್ನೇ ಕಂಡಿಲ್ಲ. ಹೀಗಾಗಿ ಕಿಸ್ತು ಕೊಡುವ ಕೆಲಸ ನನ್ನದು. ಊರಲ್ಲಿ ವ್ಯವಹಾರಕ್ಕೆ ಬಾಯಿ ಹಾಕದಿದ್ದ ನಾನು ಇಲ್ಲಿ ಮನೆಗೆ ದಿವಾನಳೇ ಆದೆ.

ಬೀಗದ ಸುದ್ದಿ ಕೇಳಲು ಹೋದಾಗಲೂ ಇವರು ಬೀದಿಯಲ್ಲೇ ನಿಂತರು. ನಾನು ಪರದೆ ಸರಿಸಿ ಒಳಗೆ ಹೋದೆ.

“ಬೀಬೀ, ಬೀಗ ನೀವು ಹಾಕೀರೇನ್ರೀ?”

“ಹೋದ ಚಾಂದಿನ ಕಿಸ್ತು ಎಲ್ಲಿ? ಬಂಡಿ ಹತ್ತಿ ಹೋಗ್ಯಾರ ಅಂತ ಮಂದಿ ಹೇಳಿದ್ರು. ಮನಿ ಬಿಟ್ಟು ಓಡಿದ್ರಿ ಅಂತ ತಿಳಕೊಂಡೆ.”

“ಅದು ಅಧಿಕ ಮಾಸ್ರೀ. ಲೆಕ್ಕಕ್ಕ ಬರೂದಿಲ್ಲ.”

ನಮ್ಮ ಪಂಚಾಂಗದಲ್ಲಿ ಮೂರು ವರ್ಷಕ್ಕೊಮ್ಮೆ ಬರುವ ಹೆಚ್ಚಿನ ತಿಂಗಳು. ಮಗಳು-ಅಳಿಯನನ್ನು ತವರಿಗೆ ಕರೆದು ಹೋಳಿಗೆ ಉಣಿಸುವ ತಿಂಗಳು. ವರ್ಷಕ್ಕೆ ಹನ್ನೆರಡೇ ಕಿಸ್ತು ಎಂದು ನಾನು ಅದನ್ನು ಬಿಟ್ಟಿದ್ದೆ. ಬೀಬಿಗೆ ಮಾಳಿಗೆಯಿಂದ ಹೊಸ ಚಂದ್ರ ಕಂಡರೆ ಹೊಸ ತಿಂಗಳು, ಅದರಲ್ಲಿ ಹೆಚ್ಚಿನದೆಂಬುದಿಲ್ಲ. ಆ ಚಂದ್ರ ಮತ್ತೆ ನಿನ್ನೆ ಸಂಜೆ ಕಂಡಾಗಿತ್ತು. ಕರಾರಿನ ಪ್ರಕಾರ ಮನೆ ಅವರದೇ.

“ಲೆಕ್ಕಕ್ಕ ಬರಲಾರದ ತಿಂಗಳಾಗ ನಾ ಉಣ್ಣಲಾರದ ಇರಬೇಕೇನು, ಬೇಟಿ?”

ನಾವು ತವರಲ್ಲಿ ಹೋಳಿಗೆಗೆ ತುಪ್ಪ ಸುರಿದುಕೊಳ್ಳುವಾಗ ಬೀಬಿ ತಮ್ಮನ ಹೆಂಡತಿಯ ಕೈ ನೋಡುತ್ತಿದ್ದರು. ಅತ್ತುಬಿಟ್ಟೆ. ಮನೆ ಹೋಯಿತೆಂಬ ಭಯವೂ ಅದರಲ್ಲಿತ್ತು, ಸುಳ್ಳೇಕೆ ಹೇಳಲಿ. ಸೆರಗಿನ ಗಂಟು ಬಿಚ್ಚಿ ಈ ತಿಂಗಳ ಕಿಸ್ತು ಮುಂದಿಟ್ಟೆ.

“ತಪ್ಪಿದ್ದು ಇವರ ಪಗಾರ ಆದ ದಿನಾನೇ ತರ್ತೀನ್ರೀ. ಊರಿಂದ ಜ್ವಾಳ ತಂದೀನಿ, ಚೀಲ ನಿಮಗ ಇರ್ಲಿ.”

“ಕರಾರು ಅಂದ್ರ ಕರಾರು. ಮನಿ ವಾಪಸ್ ತಗೋರಿ,” ಎಂದಳು ಒಳಗಿನಿಂದ ತಮ್ಮನ ಹೆಂಡತಿ.

ಬೀಬಿ ಅತ್ತ ತಿರುಗಲಿಲ್ಲ. ಸೊಂಟದ ಗೊಂಚಲಿನಿಂದ ಒಂದು ಕೀಲಿ ಬಿಡಿಸಿ ನನ್ನ ಕೈಗಿಟ್ಟರು. “ನಿಮ್ಮ ಪಂಚಾಂಗ ನಿಮ್ಮ ದೇವರಿಗಿರ್ಲಿ. ನನ್ನ ಕಿಸ್ತಿಗೆ ಚಾಂದ್ ನೋಡೂದು ಕಲಿ.”

ಕಲಿತೆ. ಮುಂದಿನ ಅಧಿಕ ಮಾಸಕ್ಕೆ ಅವ್ವ ಕರೆ ಕಳಿಸಿದಾಗ ಕಿಸ್ತು ಕೊಟ್ಟೇ ಬಂಡಿ ಹತ್ತಿದೆ.

ಕೊನೆಯ ಕಿಸ್ತು ತೀರಿದ ಮೇಲೆ ಬೀಬಿ ಪರದೆ ಕಟ್ಟಿದ ಬಂಡಿಯಲ್ಲಿ ನಮ್ಮ ಮನೆಗೆ ಬಂದರು. ತಾವು ಮದುವಣಗಿತ್ತಿಯಾಗಿ ಕಾಲಿಟ್ಟ ಮನೆ. ಖುಷಿಯಿಂದ ಬಾಗಿಲಿಗೆ ಓಡಿ, “ಒಳಗ ಬರ್ರಿ ಬೀಬೀ,” ಎಂದೆ. ಅವರು ಹೊಸ್ತಿಲ ಆಚೆಯೇ ನಿಂತರು.

“ಈ ಮನ್ಯಾಗ ನಾ ಇದ್ದಷ್ಟು ವರ್ಷ ನನಗ ಯಾರೂ ಒಳಗ ಬಾ ಅಂದಿದ್ದಿಲ್ಲ, ಬೇಟಿ. ಹಂಗೇ ಬರ್ತಿದ್ದೆ.”

ಮಾತು ಮನಸ್ಸಿಗೆ ಚುಚ್ಚಿತು, ಆದರೆ ಪೂರ್ತಿ ಅರ್ಥವಾಗಿರಲಿಲ್ಲ. ಮೊನ್ನೆ ಕಮಲಾಪುರಕ್ಕೆ ಹೋಗಿ ಬಂಡಿ ಇಳಿದೆ. ನನ್ನ ತಮ್ಮನ ಹೆಂಡತಿ ನಗುತ್ತ ಬಾಗಿಲಿಗೆ ಬಂದಳು.

“ಬರ್ರಿ ಅಕ್ಕಾ, ಒಳಗ ಬರ್ರಿ.”

ನಾನು ಹುಟ್ಟಿದ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟೆ.