ಅತ್ತೆಯ ಬಳೆಗೆ ಸಿಕ್ಕಿದ ಸ್ವೆಟರ್

ಸ್ನೇಹಿತರೇ, ಇವತ್ತು ನನ್ನ ಕಳ್ಳತನ ಹಾಸಿಗೆಯಿಂದ ಅಂಗಳದವರೆಗೂ ಬಿಚ್ಚಿಕೊಂಡಿತು.

ಬಾಣಂತನಕ್ಕೆ ದಂಡಿನಶಿವರದ ತವರಿಗೆ ಬಂದವಳು, ಹೈಸ್ಕೂಲಿನಲ್ಲಿ ಕಲಿತು ಮರೆತಿದ್ದ ಉಲ್ಲನ್ ಹೆಣಿಗೆಯನ್ನು ಮತ್ತೆ ಹಿಡಿದಿದ್ದೇನೆ. "ಬಾಣಂತಿ ಕಣ್ಣು ಹಾಳಾಯ್ತವೆ, ಬುಡೇ ಅದ" ಎಂದು ಅಜ್ಜಿ ಗದರುತ್ತಾಳೆ. ಹಾಗಾಗಿ ಮಗುವಿನ ಸ್ವೆಟರನ್ನು ಕದ್ದು ಹೆಣೆದು, ಮಗುವಿನ ಹಾಸಿಗೆಯಡಿಯೇ ಬಚ್ಚಿಡುತ್ತಿದ್ದೆ.

ಬೆಳಿಗ್ಗೆ ಹಂದನಕೆರೆಯಿಂದ ನಮ್ಮತ್ತೆ ಬಂದರು. ಬಂದವರೇ ಮಗುವನ್ನು ಎತ್ತಿಕೊಂಡು, ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದವರಿಗೆ ತೋರಿಸಲು ಹೊರಟರು. ಕಡ್ಡಿಯಿಂದ ಜಾರಿದ ದಾರ ಅವರ ಬಳೆಗೆ ಸಿಕ್ಕಿಕೊಂಡಿತ್ತು. ಅವರು ನಡೆದಷ್ಟೂ ಸ್ವೆಟರ್ ಬಿಚ್ಚುತ್ತಾ ಹೋಯಿತು.

ಅಜ್ಜಿ ಆ ಹಳದಿ ದಾರದ ಜಾಡು ಹಿಡಿದು ನೇರ ನನ್ನ ಹತ್ತಿರ ಬಂದಳು. "ಏನೇ ಇದು?"

ಉಳಿದಿದ್ದ ಒಂದು ತೋಳನ್ನು ತೋರಿಸಿದೆ. ಅಷ್ಟರಲ್ಲಿ ಒಳಗೆ ಬಂದ ಅತ್ತೆ ಅದನ್ನು ತಿರುಗಿಸಿ ನೋಡಿದರು. "ಬಿಚ್ಚಿದ್ದೇ ಒಳ್ಳೇದಾಯ್ತು ಕಣವ್ವಾ. ಇದರೊಳಗೆ ನಮ್ಮೆಜಮಾನ್ರ ಕಾಲೇ ಹೋಯ್ತದೆ. ಕೊಡಿಲ್ಲಿ!" ಎಂದು ಕಡ್ಡಿ ಕಿತ್ತುಕೊಂಡು ಕೂತರು.

"ಹಂಗೇ ಹಸಿರು ಅಂಚು ಹಾಕವ್ವಾ" ಎಂದಳು ಅಜ್ಜಿ!

ಅಂಚು ಹಸಿರೋ ಕೆಂಪೋ ಎಂದು ಇನ್ನೂ ಜಗಳ ನಡೆದಿದೆ. ಮಗು ಹಸಿದು ಅತ್ತಾಗ ಮಾತ್ರ ಇಬ್ಬರಿಗೂ ನನ್ನ ನೆನಪಾಗುತ್ತಿದೆ.